ಆಕಾಶಕ್ಕೆ ಹಡಗು ಕಟ್ಟಿದವನು

ಹಕ್ಕಿಯಂತೆ ಹಾರಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಪುಷ್ಪಕ ವಿಮಾನದ ಕಥೆಯನ್ನು ನೀವು ಕೇಳಿದ್ದೀರಿ. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದ ಸಂಗತಿಯನ್ನು ಪಾಠದಲ್ಲಿ ಓದಿದ್ದೀರಿ. ಆದರೆ ಅದಕ್ಕೂ ಮೂರು ವರ್ಷ ಮೊದಲೇ, ರೆಕ್ಕೆಯೇ ಇಲ್ಲದ ಒಂದು ಭಾರಿ ಹಡಗು ಐವರನ್ನು ಹೊತ್ತುಕೊಂಡು ಜರ್ಮನಿಯ ಸರೋವರವೊಂದರ ಮೇಲೆ ಆಕಾಶದಲ್ಲಿ ಸಾಗಿತ್ತು ಎಂಬುದು ನಿಮಗೆ ಗೊತ್ತೆ? ಅದನ್ನು ಕಟ್ಟಿಸಿದವನು ಕೆಲಸದಿಂದ ನಿವೃತ್ತನಾಗಿದ್ದ ಒಬ್ಬ ಸೈನಿಕ. ಅಂದಿಗೆ ಅವನಿಗೆ ಅರವತ್ತೆರಡು ವರ್ಷ ತುಂಬಲು ಇನ್ನು ಆರೇ ದಿನ ಬಾಕಿಯಿತ್ತು. ಅವನ ಹೆಸರು ಕೌಂಟ್ ಫರ್ಡಿನಾಂಡ್ ಫಾನ್ ಜೆಪ್ಪೆಲಿನ್. ಕೌಂಟ್ ಎಂಬುದು ಯುರೋಪಿನ ದೊಡ್ಡ ಮನೆತನದವರಿಗಿದ್ದ ಬಿರುದು. ಮುಂದೆ ಅವನ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ, ಅಂಥ ವಾಯುನೌಕೆಗಳನ್ನೇ ಜನರು ಜೆಪ್ಪೆಲಿನ್ ಎಂದು ಕರೆಯತೊಡಗಿದರು.

ಜೆಪ್ಪೆಲಿನ್ ಹುಟ್ಟಿದ್ದು 1838ರ ಜುಲೈ 8ರಂದು, ಕಾನ್‌ಸ್ಟನ್ಸ್ ಎಂಬ ಊರಿನಲ್ಲಿ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯ ಈ ಮೂರು ದೇಶಗಳೂ ಸೇರುವ ಕಡೆ ಅದೇ ಹೆಸರಿನ ವಿಶಾಲವಾದ ಸರೋವರವಿದೆ. ಊರು ಅದರ ದಡದಲ್ಲಿದೆ. ಆಗ ಜರ್ಮನಿ ಒಂದೇ ದೇಶವಾಗಿರಲಿಲ್ಲ. ನಮ್ಮಲ್ಲಿ ಹಿಂದೆ ಸಂಸ್ಥಾನಗಳಿದ್ದಂತೆ ಅಲ್ಲಿಯೂ ಅನೇಕ ಚಿಕ್ಕದೊಡ್ಡ ರಾಜ್ಯಗಳಿದ್ದವು. ಅವುಗಳಲ್ಲಿ ವುರ್ಟೆಂಬರ್ಗ್ ಒಂದು. ಜೆಪ್ಪೆಲಿನ್‌ನ ತಂದೆ ಆ ರಾಜ್ಯದ ಸೇವೆಯಲ್ಲಿದ್ದವನು. ಮಗನ ಮೊದಲ ಕಲಿಕೆ ಮನೆಪಾಠದಲ್ಲೇ ನಡೆಯಿತು. ಹದಿನೇಳನೆಯ ವಯಸ್ಸಿಗೆ ಅವನು ಸೈನಿಕ ಶಾಲೆ ಸೇರಿ, 1858ರಲ್ಲಿ ಲೆಫ್ಟಿನೆಂಟ್ ಆದನು. ಟ್ಯುಬಿಂಗನ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ವಿಜ್ಞಾನ ಮತ್ತು ಯಂತ್ರವಿದ್ಯೆಯ ಪಾಠಗಳನ್ನೂ ಕೇಳಿದನು.

1863ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಯುದ್ಧದ ರೀತಿನೀತಿಗಳನ್ನು ಕಣ್ಣಾರೆ ಕಾಣಬೇಕೆಂದು ಇಪ್ಪತ್ತೈದರ ಈ ತರುಣ ಕಡಲು ದಾಟಿ ಹೋದನು. ಅಧ್ಯಕ್ಷ ಲಿಂಕನ್‌ನನ್ನು ಕಂಡು, ಉತ್ತರದವರ ಸೈನ್ಯದೊಡನೆ ಓಡಾಡಲು ಅನುಮತಿ ಪಡೆದನು. ಆ ಯುದ್ಧದಲ್ಲಿ ಶತ್ರುಗಳ ಚಲನವಲನ ನೋಡಲು ಬಲೂನುಗಳನ್ನು ಬಳಸಿದ್ದರು. ಅನಂತರ ಅವನು ಮಿಸಿಸಿಪ್ಪಿ ನದಿಯ ಮೇಲ್ದಂಡೆಯ ಸೇಂಟ್ ಪಾಲ್ ನಗರಕ್ಕೆ ಹೋದನು. ಅಲ್ಲಿ ಜಾನ್ ಸ್ಟೈನರ್ ಎಂಬ ಬಲೂನುಗಾರನ ಬಲೂನಿನಲ್ಲಿ ಜೆಪ್ಪೆಲಿನ್ ಮೊದಲ ಸಲ ನೆಲ ಬಿಟ್ಟು ಮೇಲೇರಿದನು. ಅದು 1863ರ ಆಗಸ್ಟ್ 19.

ಬಲೂನು ಮೇಲೇರಬಲ್ಲುದು, ನಿಜ. ಆದರೆ ಹಗ್ಗ ಬಿಚ್ಚಿದರೆ ಗಾಳಿ ಬೀಸಿದ ಕಡೆಗೇ ಅದರ ಪ್ರಯಾಣ. ಕಡಿವಾಣವಿಲ್ಲದ ಕುದುರೆಯ ಮೇಲೆ ಕುಳಿತ ಸವಾರನ ಪಾಡೇ ಅದರಲ್ಲಿ ಕುಳಿತವನ ಪಾಡು. ಈ ಕುದುರೆಗೆ ಕಡಿವಾಣ ಹಾಕುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಾಣಲು ಜೆಪ್ಪೆಲಿನ್ ತನ್ನ ಬಾಳಿನ ಉತ್ತರಾರ್ಧವನ್ನೆಲ್ಲ ಸವೆಸಿದನು.

1870ರಲ್ಲಿ ಫ್ರಾನ್ಸಿಗೂ ಜರ್ಮನ್ ರಾಜ್ಯಗಳಿಗೂ ಯುದ್ಧ ಹತ್ತಿತು. ಯುದ್ಧದ ಮೊದಲ ದಿನಗಳಲ್ಲಿಯೇ ಜೆಪ್ಪೆಲಿನ್ ಚಿಕ್ಕ ಕುದುರೆ ಸವಾರರ ಗುಂಪಿನೊಡನೆ ಶತ್ರುಗಳ ನೆಲದೊಳಗೆ ನುಗ್ಗಿ ಸುದ್ದಿ ಸಂಗ್ರಹಿಸಿದನು. ಫ್ರೆಂಚರು ಆ ಗುಂಪಿನ ಮೇಲೆ ಎರಗಿದಾಗ ಸಂಗಡಿಗರು ಸತ್ತರು ಅಥವಾ ಸೆರೆಸಿಕ್ಕರು. ಅವನೊಬ್ಬ ಮಾತ್ರ ತಪ್ಪಿಸಿಕೊಂಡು ಸುದ್ದಿಯೊಡನೆ ಮರಳಿದನು. ಇದರಿಂದ ಅವನ ಹೆಸರು ಸೈನ್ಯದಲ್ಲೆಲ್ಲ ಮಾತಾಯಿತು. ಅದೇ ಯುದ್ಧದಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿತ್ತು. ನೆಲದ ದಾರಿಗಳೆಲ್ಲ ಮುಚ್ಚಿದ್ದರೂ ಪ್ಯಾರಿಸಿನವರು ಅರವತ್ತಕ್ಕೂ ಹೆಚ್ಚು ಬಲೂನುಗಳಲ್ಲಿ ಅಂಚೆಯನ್ನೂ ಜನರನ್ನೂ ಹೊರಕ್ಕೆ ಕಳಿಸಿದರು. ಮುತ್ತಿಗೆ ಹಾಕಿದವರು ತಲೆಯೆತ್ತಿ ನೋಡುತ್ತ ನಿಲ್ಲಬೇಕಾಯಿತು. ಆದರೆ ಹೊರಹೋದ ಬಲೂನುಗಳು ಬೇಕಾದ ಕಡೆ ಇಳಿಯಲಿಲ್ಲ, ಒಳಕ್ಕೆ ಹಿಂದಿರುಗಲೂ ಇಲ್ಲ.

1874ರಲ್ಲಿ ಜರ್ಮನಿಯ ಅಂಚೆ ಇಲಾಖೆಯ ಮುಖ್ಯಸ್ಥ ಹೈನ್ರಿಕ್ ಫಾನ್ ಸ್ಟೆಫಾನ್ ಲೋಕದ ಅಂಚೆ ಮತ್ತು ವಾಯುಯಾನದ ಬಗ್ಗೆ ಮಾಡಿದ ಉಪನ್ಯಾಸ ಜೆಪ್ಪೆಲಿನ್‌ನ ಮನಸ್ಸನ್ನು ಕಲಕಿತು. ಮಾರ್ಚ್ 25ರ ದಿನಚರಿಯಲ್ಲಿ ಅವನು ತನ್ನ ಕಲ್ಪನೆಯ ನೌಕೆಯನ್ನು ಬರೆದಿಟ್ಟನು. ಅದು ದೊಡ್ಡ ಹಡಗಿನಷ್ಟು ಗಾತ್ರದ್ದಾಗಿರಬೇಕು. ಅನಿಲವನ್ನು ಒಂದೇ ಚೀಲದಲ್ಲಿ ತುಂಬದೆ ಬೇರೆಬೇರೆ ಕೋಣೆಗಳಲ್ಲಿ ತುಂಬಬೇಕು. ನಡೆಸಲು ಯಂತ್ರವಿರಬೇಕು. ಇಪ್ಪತ್ತಾರು ವರ್ಷಗಳ ಅನಂತರ ಹಾರಿದ ನೌಕೆಯ ಬೀಜ ಈ ಬರಹದಲ್ಲಿತ್ತು.

ಫ್ರೆಂಚರು 1884ರಲ್ಲಿ ವಿದ್ಯುತ್ ಮೋಟಾರಿನ ವಾಯುನೌಕೆಯೊಂದನ್ನು ಹಾರಿಸಿ, ಹೊರಟ ಜಾಗಕ್ಕೇ ಹಿಂದಿರುಗಿಸಿದರು. ಈ ಸುದ್ದಿ ಜೆಪ್ಪೆಲಿನ್‌ನನ್ನು ಚುಚ್ಚಿತು. 1887ರಲ್ಲಿ ಅವನು ವುರ್ಟೆಂಬರ್ಗಿನ ದೊರೆಗೆ ಮನವಿಯೊಂದನ್ನು ಬರೆದು, ಯುದ್ಧಕ್ಕೆ ಒದಗುವ ದೊಡ್ಡ ವಾಯುನೌಕೆಗಳು ನಾಡಿಗೆ ಬೇಕೆಂದು ವಾದಿಸಿದನು. ಈ ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಅಂಚೆ ಒಯ್ಯುವ, ಪ್ರಯಾಣಿಕರನ್ನು ಒಯ್ಯುವ ನೌಕೆಯ ಕನಸು ಅವನಲ್ಲಿತ್ತು. ಆದರೆ ಆ ಕನಸಿನ ಮಗ್ಗುಲಲ್ಲೇ ಸೈನಿಕನ ಲೆಕ್ಕಾಚಾರವೂ ಇತ್ತು.

1890ರಲ್ಲಿ ಅವನ ಸೈನಿಕ ಬದುಕು ಥಟ್ಟನೆ ಮುಗಿಯಿತು. ವುರ್ಟೆಂಬರ್ಗಿನ ಪಡೆಗಳು ಪ್ರಷ್ಯದ ಅಧಿಕಾರಕ್ಕೆ ಒಳಪಡುವುದನ್ನು ಅವನು ಬರವಣಿಗೆಯಲ್ಲಿ ವಿರೋಧಿಸಿದ್ದನು. ಮೇಲಿನವರಿಗೆ ಇದು ಹಿಡಿಸಲಿಲ್ಲ. ಆ ವರ್ಷದ ಕವಾಯತಿನಲ್ಲಿ ಅವನು ಪಡೆಗಳನ್ನು ಸರಿಯಾಗಿ ನಡೆಸಲಿಲ್ಲವೆಂಬ ವರದಿ ಬಂತು. ಐವತ್ತೆರಡನೆಯ ವಯಸ್ಸಿನಲ್ಲಿ ಮನಸ್ಸು ಮುರಿದು ಮನೆಗೆ ಬಂದನು. ಬೇರೆಯವರಾದರೆ ತೋಟ ನೋಡಿಕೊಂಡು ಹಾಯಾಗಿ ಇರುತ್ತಿದ್ದರು. ಜೆಪ್ಪೆಲಿನ್ ಮಾತ್ರ ಹಳೆಯ ದಿನಚರಿಯ ನೌಕೆಯನ್ನು ಕೈಗೆತ್ತಿಕೊಂಡನು.

ಮಕ್ಕಳೇ, ಈ ನೌಕೆ ಹಾರುವ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳೋಣ. ಮರದ ತುಂಡು ನೀರಿನಲ್ಲಿ ತೇಲುವಂತೆ, ಗಾಳಿಗಿಂತ ಹಗುರವಾದ ವಸ್ತು ಗಾಳಿಯಲ್ಲಿ ತೇಲುತ್ತದೆ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅಷ್ಟೇ ಜಲಜನಕದ ತೂಕ ನೂರು ಗ್ರಾಮಿಗಿಂತಲೂ ಕಡಿಮೆ. ಆದ್ದರಿಂದ ಒಂದು ಘನ ಮೀಟರ್ ಜಲಜನಕ ಸುಮಾರು 1.1 ಕಿಲೋಗ್ರಾಂ ಭಾರವನ್ನು ಎತ್ತಬಲ್ಲುದು. ಯಂತ್ರ, ಇಂಧನ, ಜನ ಇವೆಲ್ಲವನ್ನೂ ಎತ್ತಬೇಕಾದರೆ ಸಾವಿರಾರು ಘನ ಮೀಟರ್ ಅನಿಲ ಬೇಕು. ಅಷ್ಟು ದೊಡ್ಡ ಬಟ್ಟೆಯ ಚೀಲವನ್ನು ಗಾಳಿಗೆ ಎದುರಾಗಿ ಓಡಿಸಿದರೆ ಅದು ಸೊಟ್ಟಗಾಗುತ್ತದೆ, ಮಡಿಚಿಕೊಳ್ಳುತ್ತದೆ. ಜೆಪ್ಪೆಲಿನ್ ಕಂಡುಕೊಂಡ ಉಪಾಯ ಇದು. ಅಲ್ಯೂಮಿನಿಯಂ ಪಟ್ಟಿಗಳಿಂದ ಉದ್ದನೆಯ ಗಟ್ಟಿ ಹಂದರ ಕಟ್ಟುವುದು. ಅದರ ಮೇಲೆ ಬಟ್ಟೆ ಹೊದಿಸುವುದು. ಅವರೆಕಾಯಿಯ ಸಿಪ್ಪೆಯೊಳಗೆ ಕಾಳುಗಳು ಸಾಲಾಗಿ ಕುಳಿತಿರುವಂತೆ ಹಂದರದೊಳಗೆ ಅನಿಲದ ಚೀಲಗಳನ್ನು ಸಾಲಾಗಿ ಇರಿಸುವುದು. ಒಂದು ಚೀಲ ಹರಿದರೂ ಉಳಿದವು ನೌಕೆಯನ್ನು ಎತ್ತಿ ಹಿಡಿಯುತ್ತವೆ. ಹಂದರ ಗಟ್ಟಿಯಾಗಿರುವುದರಿಂದ ನೌಕೆಯ ಆಕಾರ ಕೆಡುವುದಿಲ್ಲ. ಇದನ್ನೇ ದೃಢ ವಾಯುನೌಕೆ ಎನ್ನುತ್ತಾರೆ.

ಎಂಜಿನಿಯರ್ ಥಿಯೋಡರ್ ಕೋಬರ್‌ನ ನೆರವಿನಿಂದ ನಕ್ಷೆ ಸಿದ್ಧವಾಯಿತು. 1894ರಲ್ಲಿ ಸರಕಾರ ನೇಮಿಸಿದ ತಜ್ಞರ ಸಮಿತಿ ಅದನ್ನು ಒಪ್ಪಲಿಲ್ಲ. ದಾರಿಹೋಕರು ಹುಚ್ಚು ಕೌಂಟನೆಂದು ನಕ್ಕರು. ಅವನು ಕುಗ್ಗಲಿಲ್ಲ. 1898ರಲ್ಲಿ ಎಂಟು ಲಕ್ಷ ಮಾರ್ಕ್ ಬಂಡವಾಳದ ಒಂದು ಕಂಪೆನಿ ಹುಟ್ಟಿಕೊಂಡಿತು. ಅದರ ಅರ್ಧದಷ್ಟು ಹಣವನ್ನು ಕೌಂಟನೇ ಹಾಕಿದನು. ಇಲ್ಲಿ ಇನ್ನೊಬ್ಬನ ಹೆಸರನ್ನೂ ನೆನೆಯುವುದು ನ್ಯಾಯ. ಡೇವಿಡ್ ಶ್ವಾರ್ಟ್ಸ್ ಎಂಬ ಮರದ ವ್ಯಾಪಾರಿ ಅದಕ್ಕಿಂತ ಮೊದಲೇ ಅಲ್ಯೂಮಿನಿಯಂ ವಾಯುನೌಕೆಯನ್ನು ರೂಪಿಸಿದ್ದನು. 1897ರಲ್ಲಿ ಅದು ಬರ್ಲಿನ್ನಿನಲ್ಲಿ ಮೇಲೇರಿ, ಕೆಳಗಿಳಿಯುವಾಗ ಜಜ್ಜಿಹೋಯಿತು. ಅದನ್ನು ನೋಡಲು ಶ್ವಾರ್ಟ್ಸ್ ಬದುಕಿರಲಿಲ್ಲ. ಅವನಿಗೆ ಲೋಹ ಒದಗಿಸಿದ್ದ ಕಾರ್ಲ್ ಬರ್ಗ್ ಎಂಬ ಕಾರಖಾನೆಯವನೇ ಜೆಪ್ಪೆಲಿನ್‌ಗೂ ಲೋಹ ಒದಗಿಸಿದನು. ಯಾವ ದೊಡ್ಡ ಕೆಲಸವೂ ಒಬ್ಬನದೇ ಆಗಿರುವುದಿಲ್ಲ.

ಫ್ರೀಡ್ರಿಕ್ಸ್‌ಹಾಫೆನ್ ಪಟ್ಟಣದ ಬಳಿ, ಸರೋವರದ ನೀರಿನ ಮೇಲೆ ತೇಲುವ ಮರದ ಕೊಟ್ಟಿಗೆಯಲ್ಲಿ ನೌಕೆ ಬೆಳೆಯಿತು. ನೀರಿನ ಮೇಲೆ ಏಕೆ? ಕೊಟ್ಟಿಗೆಯ ಒಂದು ತುದಿಗೆ ಮಾತ್ರ ಲಂಗರು ಹಾಕಿದ್ದರು. ಆದ್ದರಿಂದ ಗಾಳಿ ಬೀಸುವ ದಿಕ್ಕಿಗೆ ಕೊಟ್ಟಿಗೆ ತಾನಾಗಿ ತಿರುಗುತ್ತಿತ್ತು. ನೌಕೆಯನ್ನು ಹೊರಕ್ಕೆ ಎಳೆಯುವಾಗ ಅಡ್ಡಗಾಳಿಯ ಹೊಡೆತ ತಪ್ಪುತ್ತಿತ್ತು. ಸಿದ್ಧವಾದ ನೌಕೆಯ ಉದ್ದ 128 ಮೀಟರ್, ಎಂದರೆ ಫುಟ್‌ಬಾಲ್ ಮೈದಾನಕ್ಕಿಂತಲೂ ಹೆಚ್ಚು. ಒಳಗೆ ಹದಿನೇಳು ಚೀಲಗಳು, 11,300 ಘನ ಮೀಟರ್ ಜಲಜನಕ. ನಡೆಸಲು ಮಾತ್ರ ಸುಮಾರು 14 ಅಶ್ವಶಕ್ತಿಯ ಎರಡು ಎಂಜಿನುಗಳು. ಇಂದಿನ ಒಂದು ಮೋಟಾರ್ ಸೈಕಲ್ಲಿನ ಶಕ್ತಿ ಅದಕ್ಕೆ ಸಮ!

1900ರ ಜುಲೈ 2ರ ಸಂಜೆ ಅದು ಮೇಲೇರಿತು. ದಡದ ತುಂಬ ಜನ. ಹದಿನೆಂಟು ನಿಮಿಷ ಹಾರಾಡುವಷ್ಟರಲ್ಲಿ, ಸಮತೋಲಕ್ಕಾಗಿ ಅತ್ತಿತ್ತ ಸರಿಸುವ ಭಾರದ ಗುಂಡು ಸಿಕ್ಕಿಕೊಂಡಿತು, ಒಂದು ಎಂಜಿನ್ ಕೆಟ್ಟಿತು. ನೌಕೆ ನೀರಿನ ಮೇಲೆ ಇಳಿಯಿತು. ಅಕ್ಟೋಬರಿನಲ್ಲಿ ಇನ್ನೆರಡು ಸಲ ಹಾರಿತು. ಅಷ್ಟರಲ್ಲಿ ಹಣ ಮುಗಿಯಿತು. ಕಂಪೆನಿ ಮುಚ್ಚಿ, ನೌಕೆಯನ್ನು ಬಿಚ್ಚಿ ಮಾರಿದರು.

ಮುಂದಿನ ನೌಕೆಗೆ ಐದು ವರ್ಷ ಬೇಕಾಯಿತು. ವುರ್ಟೆಂಬರ್ಗಿನ ದೊರೆ ಲಾಟರಿ ನಡೆಸಲು ಅನುಮತಿ ಕೊಟ್ಟನು. ಹೆಂಡತಿ ಇಸಬೆಲ್ಲಳ ತವರಿನ ಆಸ್ತಿಯನ್ನು ಅಡವಿಟ್ಟು ಉಳಿದ ಹಣ ಕೂಡಿಸಿದನು. ಲುಡ್ವಿಗ್ ಡ್ಯೂರ್ ಎಂಬ ತರುಣ ಎಂಜಿನಿಯರ್ ಅದನ್ನು ಕಟ್ಟಿದನು. 1906ರ ಜನವರಿಯಲ್ಲಿ ಹಾರಿದ ದಿನವೇ ಎಂಜಿನುಗಳು ಕೈಕೊಟ್ಟು ಅದು ದೂರದ ಬಯಲಿನಲ್ಲಿ ಇಳಿಯಿತು. ಆ ರಾತ್ರಿಯ ಬಿರುಗಾಳಿ ಅದನ್ನು ಚೂರುಚೂರು ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೂರನೆಯ ನೌಕೆ ಸೊಗಸಾಗಿ ಹಾರಿತು. ನಗುತ್ತಿದ್ದವರು ಸುಮ್ಮನಾದರು. ಇಪ್ಪತ್ತನಾಲ್ಕು ಗಂಟೆಗಳ ಪ್ರಯಾಣ ಮಾಡಿ ತೋರಿಸಿದರೆ ಕೊಳ್ಳುತ್ತೇವೆಂದು ಸೈನ್ಯ ಷರತ್ತು ಹಾಕಿತು. ಅದಕ್ಕಾಗಿ ನಾಲ್ಕನೆಯದನ್ನು ಕಟ್ಟಿದನು.

1908ರ ಆಗಸ್ಟ್ 4ರಂದು ಆ ನೌಕೆ ಹೊರಟು ರೈನ್ ನದಿಯ ಗುಂಟ ಮೈನ್ಸ್ ನಗರದವರೆಗೆ ಸಾಗಿತು. ಊರೂರುಗಳಲ್ಲಿ ಜನ ಮಾಳಿಗೆ ಹತ್ತಿ ನೋಡಿದರು. ಹಿಂದಿರುಗುವಾಗ ಎಂಜಿನ್ ಕೆಟ್ಟುದರಿಂದ ಮರುದಿನ ಎಕ್ಟರ್‌ಡಿಂಗನ್ ಹಳ್ಳಿಯ ಹೊಲದಲ್ಲಿ ಇಳಿಸಬೇಕಾಯಿತು. ಮಧ್ಯಾಹ್ನ ಬಿರುಗಾಳಿಯೆದ್ದು ನೌಕೆಯನ್ನು ಕಿತ್ತೆತ್ತಿ ಒಗೆಯಿತು. ಜಲಜನಕಕ್ಕೆ ಬೆಂಕಿ ತಗಲಿತು. ಕೆಲವು ನಿಮಿಷಗಳಲ್ಲಿ ಉಳಿದದ್ದು ಸುಟ್ಟು ತಿರುಚಿಕೊಂಡ ಲೋಹದ ರಾಶಿ. ಎಪ್ಪತ್ತು ವರ್ಷದ ಮುದುಕ ಅದರ ಮುಂದೆ ನಿಂತನು. ಎಲ್ಲವೂ ಮುಗಿಯಿತೆಂದೇ ತೋರಿತು.

ಆದರೆ ನಡೆದದ್ದೇ ಬೇರೆ. ಕೇಳದೆಯೇ ಜನರು ಹಣ ಕಳಿಸತೊಡಗಿದರು. ಸಿರಿವಂತರು ಕಳಿಸಿದರು, ಕೂಲಿಯವರು ಕಳಿಸಿದರು, ಶಾಲೆಯ ಮಕ್ಕಳು ಕೈಖರ್ಚಿನ ಕಾಸು ಕಳಿಸಿದರು. ಒಟ್ಟು ಅರವತ್ತು ಲಕ್ಷ ಮಾರ್ಕಿಗೂ ಮೀರಿ ಕೂಡಿತು. ಆ ಹಣದಿಂದ ಜೆಪ್ಪೆಲಿನ್ ಒಂದು ಪ್ರತಿಷ್ಠಾನವನ್ನೂ ವಾಯುನೌಕೆ ಕಟ್ಟುವ ಕಂಪೆನಿಯನ್ನೂ ಸ್ಥಾಪಿಸಿದನು. ಮುಂದೊಂದು ದಿನ ವಾಯುನೌಕೆಗಳ ಕೆಲಸ ನಿಂತುಹೋದರೆ, ಪ್ರತಿಷ್ಠಾನದ ಆಸ್ತಿ ಫ್ರೀಡ್ರಿಕ್ಸ್‌ಹಾಫೆನ್ ಊರಿಗೆ ಸೇರಿ ಜನಹಿತಕ್ಕೆ ವಿನಿಯೋಗವಾಗಬೇಕೆಂದು ಏರ್ಪಾಡು ಮಾಡಿದನು. ಈ ಏರ್ಪಾಡಿನ ಫಲವನ್ನು ಪಾಠದ ಕೊನೆಯಲ್ಲಿ ಕಾಣುವಿರಿ.

1909ರಲ್ಲಿ ಪ್ರಯಾಣಿಕರಿಗಾಗಿ ಡೆಲಾಗ್ ಎಂಬ ಸಂಸ್ಥೆ ಆರಂಭವಾಯಿತು. ಜಗತ್ತಿನ ಮೊದಲ ವಿಮಾನಯಾನ ಸಂಸ್ಥೆ ಇದೇ. ಈ ಯೋಚನೆ ಕಂಪೆನಿಯ ವ್ಯವಸ್ಥಾಪಕ ಆಲ್‌ಫ್ರೆಡ್ ಕೋಲ್ಸ್‌ಮನ್‌ನದು. ಮೊದಲು ಪತ್ರಿಕೆಯಲ್ಲಿ ಜೆಪ್ಪೆಲಿನ್‌ನ ನೌಕೆಯನ್ನು ಟೀಕಿಸಿದ್ದ ಹ್ಯೂಗೋ ಎಕೆನರ್ ಎಂಬ ಲೇಖಕನೇ ಈಗ ಅವನ ಜೊತೆಗೆ ಸೇರಿ ನೌಕೆ ನಡೆಸುವವರಿಗೆ ಗುರುವಾದನು. ಟೀಕಿಸಿದವನನ್ನು ದೂರವಿಡದೆ ಹತ್ತಿರ ಕರೆದುಕೊಂಡದ್ದು ಕೌಂಟನ ದೊಡ್ಡತನ. 1914ರವರೆಗೆ ಡೆಲಾಗ್ ನೌಕೆಗಳು ಒಂದೂವರೆ ಸಾವಿರಕ್ಕೂ ಹೆಚ್ಚು ಸಲ ಹಾರಿ ಸುಮಾರು 34,000 ಜನರನ್ನು ಒಯ್ದವು. ಕೆಲವು ನೌಕೆಗಳು ಮುರಿದವು. ಆದರೆ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ.

ಕೌಂಟನ ಮನಸ್ಸು ಮಾತ್ರ ಸೈನ್ಯದ ಕಡೆಗೇ ಇತ್ತು. ಭೂಸೇನೆ, ನೌಕಾಸೇನೆ ಎರಡೂ ಅವನ ನೌಕೆಗಳನ್ನು ಕೊಂಡವು. 1913ರಲ್ಲಿ ನೌಕಾಸೇನೆಯ ಎರಡು ನೌಕೆಗಳು ಐದಾರು ವಾರಗಳ ಅಂತರದಲ್ಲಿ ನಾಶವಾಗಿ ನಲವತ್ತೆರಡು ಮಂದಿ ಸತ್ತರು. ಆದರೂ ಕಟ್ಟುವ ಕೆಲಸ ನಿಲ್ಲಲಿಲ್ಲ. ಮರುವರ್ಷ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ವಾಯುನೌಕೆಗಳಿಂದ ಇಂಗ್ಲೆಂಡಿನ ಮೇಲೆ ದಾಳಿ ಮಾಡಬೇಕೆಂದು ಒತ್ತಾಯಿಸಿದವರಲ್ಲಿ ಜೆಪ್ಪೆಲಿನ್‌ನೂ ಒಬ್ಬನು.

1915ರ ಜನವರಿ 19ರ ರಾತ್ರಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಯಾರ್ಮತ್ ಮತ್ತು ಕಿಂಗ್ಸ್ ಲಿನ್ ಊರುಗಳ ಮೇಲೆ ಮೊದಲ ಬಾಂಬುಗಳು ಬಿದ್ದವು. ನಾಲ್ವರು ಸತ್ತರು. ಮೇ 31ರಂದು ಲಂಡನ್ ನಗರದ ಸರದಿ. ಅದುವರೆಗೆ ಯುದ್ಧವೆಂದರೆ ರಣರಂಗದಲ್ಲಿ ಸೈನಿಕರು ಮಾಡುವ ಕಾಳಗವಾಗಿತ್ತು. ಈಗ ಮನೆಯಲ್ಲಿ ಮಲಗಿದ್ದ ತಾಯಿ ಮಕ್ಕಳ ಮೇಲೆಯೂ ಸಾವು ಎರಗಿತು. ಸೈನ್ಯದ ನೆಲೆಗಳಿಗೇ ಗುರಿಯಿಟ್ಟಿದ್ದೇವೆಂದು ಜರ್ಮನರು ಹೇಳಿದರೂ, ಕತ್ತಲೆಯಲ್ಲಿ, ಮೋಡಗಳ ಮೇಲಿನಿಂದ ಹಾಕಿದ ಬಾಂಬಿಗೆ ನೆಲೆ ಯಾವುದು, ಮನೆ ಯಾವುದು? ಯುದ್ಧ ಮುಗಿಯುವಷ್ಟರಲ್ಲಿ ಐವತ್ತರಷ್ಟು ದಾಳಿಗಳಲ್ಲಿ ಐನೂರಕ್ಕೂ ಹೆಚ್ಚು ಜನ ಬ್ರಿಟನ್ನಿನಲ್ಲಿ ಪ್ರಾಣ ಬಿಟ್ಟರು.

ನೌಕೆಯ ಒಳಗಿದ್ದವರ ಪಾಡೂ ಸುಖದ್ದಾಗಿರಲಿಲ್ಲ. ಕೊರೆಯುವ ಚಳಿ, ತಲೆಯ ಮೇಲೆ ಸಾವಿರಾರು ಘನ ಮೀಟರ್ ಸುಡುವ ಅನಿಲ. 1916ರಲ್ಲಿ ಬ್ರಿಟಿಷರು ಬೆಂಕಿ ಹೊತ್ತಿಸುವ ಗುಂಡುಗಳನ್ನು ವಿಮಾನಗಳಿಂದ ಹಾರಿಸತೊಡಗಿದರು. ಆ ಅಕ್ಟೋಬರಿನಲ್ಲಿ ಹೈನ್ರಿಕ್ ಮಾಥಿ ಎಂಬ ಹೆಸರಾಂತ ನಾಯಕನ ನೌಕೆ ಲಂಡನ್ನಿನ ಹತ್ತಿರ ಉರಿದು ಬಿತ್ತು. ಅದರಲ್ಲಿದ್ದ ಹತ್ತೊಂಬತ್ತು ಮಂದಿಯೂ ಸತ್ತರು. ಯುದ್ಧಕ್ಕೆ ಕಳಿಸಿದ ನೌಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಡಿಗೋ ಬಿರುಗಾಳಿಗೋ ಅಪಘಾತಕ್ಕೋ ಬಲಿಯಾದವು.

ವಿಮಾನದ ಮುಂದೆ ವಾಯುನೌಕೆ ಸೋಲುತ್ತಿದೆ ಎಂಬುದು ಜೆಪ್ಪೆಲಿನ್‌ನ ಅರಿವಿಗೂ ಬಂದಿತ್ತು. ಇಳಿವಯಸ್ಸಿನಲ್ಲಿ ಅವನು ಭಾರಿ ವಿಮಾನಗಳನ್ನು ಕಟ್ಟಿಸುವ ಕೆಲಸಕ್ಕೆ ಕೈಹಾಕಿದನು. ಆದರೆ ಅವೂ ಬಾಂಬು ಒಯ್ಯುವ ವಿಮಾನಗಳೇ. 1917ರ ಮಾರ್ಚ್ 8ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನ್ಯುಮೋನಿಯದಿಂದ ಬರ್ಲಿನ್ನಿನಲ್ಲಿ ತೀರಿಕೊಂಡನು. ಯುದ್ಧದ ಕೊನೆಯನ್ನು ಅವನು ಕಾಣಲಿಲ್ಲ.

ಯುದ್ಧದ ಬಳಿಕ ಎಕೆನರ್ ವಾಯುನೌಕೆಯನ್ನು ಮತ್ತೆ ಶಾಂತಿಯ ದಾರಿಗೆ ತಂದನು. 1928ರಲ್ಲಿ, ಗುರುವಿನ ತೊಂಬತ್ತನೆಯ ಹುಟ್ಟುಹಬ್ಬದಂದು, ಹೊಸ ನೌಕೆಗೆ ಜೆಪ್ಪೆಲಿನ್‌ನ ಮಗಳು ತಂದೆಯ ಹೆಸರನ್ನೇ ಇಟ್ಟಳು. ಮರುವರ್ಷ ಅದು ಭೂಮಿಯನ್ನು ಸುತ್ತಿ ಬಂತು. ತನ್ನ 590 ಪ್ರಯಾಣಗಳಲ್ಲಿ ಅದು ಒಬ್ಬ ಪ್ರಯಾಣಿಕನನ್ನೂ ಬಲಿಗೊಡಲಿಲ್ಲ. ಎಲ್ಲ ನೌಕೆಗಳಿಗೂ ಆ ಭಾಗ್ಯವಿರಲಿಲ್ಲ. ಬ್ರಿಟಿಷರು ಆಗಿನ ಅಖಂಡ ಭಾರತಕ್ಕೆ ವಾಯುನೌಕೆ ನಡೆಸಬೇಕೆಂದು ಕರಾಚಿಯಲ್ಲಿ ದೊಡ್ಡ ಕೊಟ್ಟಿಗೆ ಕಟ್ಟಿ ಕಾದಿದ್ದರು. ಅಲ್ಲಿಗೆ ಹೊರಟ ಆರ್-101 ಎಂಬ ನೌಕೆ 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಸುಟ್ಟು, 48 ಮಂದಿ ಸತ್ತರು. 1937ರ ಮೇ 6ರಂದು ಹಿಂಡೆನ್‌ಬರ್ಗ್ ಎಂಬ ಜರ್ಮನ್ ನೌಕೆ ಅಮೆರಿಕದಲ್ಲಿ ಇಳಿಯುವ ಹೊತ್ತಿಗೆ ಹೊತ್ತಿ ಉರಿದು, 36 ಜನರ ಪ್ರಾಣ ಹೋಯಿತು. ಬೆಂಕಿ ಹಿಡಿಯದ ಹೀಲಿಯಂ ಅನಿಲ ಅಮೆರಿಕದ ಬಳಿಯಿತ್ತು. ಆದರೆ ಅದು ಜರ್ಮನಿಗೆ ದೊರೆಯಲಿಲ್ಲ. ದೊಡ್ಡ ವಾಯುನೌಕೆಗಳ ಕಾಲ ಅಲ್ಲಿಗೆ ಮುಗಿಯಿತು. 1940ರಲ್ಲಿ ಉಳಿದ ನೌಕೆಗಳನ್ನು ಒಡೆದು, ಅವುಗಳ ಅಲ್ಯೂಮಿನಿಯಂ ಅನ್ನು ಯುದ್ಧ ವಿಮಾನಗಳಿಗೆ ಬಳಸಿದರು.

ಇನ್ನು ಆ ಸರೋವರದ ಊರಿನ ಕಥೆ. ಆಕಾಶದಿಂದ ಬಾಂಬು ಹಾಕುವ ನೌಕೆಗಳನ್ನು ಕಟ್ಟಿದ ಫ್ರೀಡ್ರಿಕ್ಸ್‌ಹಾಫೆನ್, ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ಬಿದ್ದ ಬಾಂಬುಗಳಿಗೇ ತುತ್ತಾಯಿತು. 1944ರ ಏಪ್ರಿಲ್ 28ರ ರಾತ್ರಿ ಅದರ ಹಳೆಯ ಪೇಟೆ ಬಹುಮಟ್ಟಿಗೆ ನೆಲಸಮವಾಯಿತು. ಮನುಷ್ಯ ಮೇಲಕ್ಕೆಸೆದ ಕಲ್ಲು ಹಿಂದಿರುಗಿ ಬರದೆ ಇರುವುದಿಲ್ಲ. ಆದರೆ ಆ ಊರಿಗೆ ಹಿಂದಿರುಗಿ ಬಂದದ್ದು ಇನ್ನೂ ಒಂದಿತ್ತು. 1947ರಲ್ಲಿ ಪ್ರತಿಷ್ಠಾನದ ಆಸ್ತಿ ಕೌಂಟನ ಏರ್ಪಾಡಿನಂತೆ ಊರಿಗೆ ಸೇರಿತು. ಅವನ ಕಾಲದಲ್ಲಿ ನೌಕೆಗಳಿಗೆ ಹಲ್ಲುಗಾಲಿ ಮಾಡಲು ಹುಟ್ಟಿದ ಕಾರಖಾನೆ ಇಂದು ಮೋಟಾರು ವಾಹನಗಳ ಭಾಗಗಳನ್ನು ತಯಾರಿಸುವ ದೊಡ್ಡ ಸಂಸ್ಥೆಯಾಗಿದೆ. ಅದರ ಬಹುಪಾಲು ಒಡೆತನ ಆ ಪ್ರತಿಷ್ಠಾನದ್ದು. ಅದರಿಂದ ಬರುವ ಹಣ ಶಿಶುವಿಹಾರ, ಆಸ್ಪತ್ರೆ, ಆಟದ ಬಯಲು, ಕಲೆ ಇವುಗಳಿಗೆ ಸಲ್ಲುತ್ತಿದೆ. ಹೊಲದಲ್ಲಿ ಸುಟ್ಟುಬಿದ್ದ ನೌಕೆಗಾಗಿ 1908ರಲ್ಲಿ ಮಕ್ಕಳು ಕಳಿಸಿದ ಕಾಸು, ನೂರು ವರ್ಷ ಕಳೆದ ಮೇಲೂ ಮಕ್ಕಳಿಗೆ ನೆರಳಾಗಿದೆ.

1997ರಿಂದ ಹೀಲಿಯಂ ತುಂಬಿದ ಹೊಸ ಮಾದರಿಯ ಚಿಕ್ಕ ವಾಯುನೌಕೆಗಳು ಅದೇ ಸರೋವರದ ಮೇಲೆ ಹಾರಾಡತೊಡಗಿವೆ. ಅವು ಪ್ರವಾಸಿಗಳನ್ನು ಒಯ್ಯುತ್ತವೆ, ಬಾಂಬುಗಳನ್ನಲ್ಲ. ಜೆಪ್ಪೆಲಿನ್‌ನ ಛಲವನ್ನು ನೀವು ಮೆಚ್ಚಬೇಕು. ಆ ಛಲ ಯಾವ ಕೆಲಸಕ್ಕೆ ಸಂದಿತೆಂಬುದನ್ನೂ ತೂಗಿ ನೋಡಬೇಕು. ದೊಡ್ಡವರ ಬಾಳನ್ನು ಓದುವುದೆಂದರೆ ಈ ಎರಡನ್ನೂ ಮಾಡುವುದು.

ಅಭ್ಯಾಸ

1. ಬಲೂನಿಗೂ ದೃಢ ವಾಯುನೌಕೆಗೂ ಇರುವ ವ್ಯತ್ಯಾಸವೇನು?
2. ನೌಕೆ ಕಟ್ಟುವ ಕೊಟ್ಟಿಗೆಯನ್ನು ನೀರಿನ ಮೇಲೆ ತೇಲುವಂತೆ ಮಾಡಿದ್ದು ಏಕೆ?
3. ಎಕ್ಟರ್‌ಡಿಂಗನ್ನಿನ ದುರಂತ ಜೆಪ್ಪೆಲಿನ್‌ನ ಬಾಳಿನಲ್ಲಿ ಹೇಗೆ ತಿರುವು ತಂದಿತು?
4. ಒಂದು ಘನ ಮೀಟರ್ ಜಲಜನಕ 1.1 ಕಿಲೋಗ್ರಾಂ ಎತ್ತುವುದಾದರೆ, ಮೊದಲ ನೌಕೆಯ ಅನಿಲ ಒಟ್ಟು ಎಷ್ಟು ಭಾರ ಎತ್ತುತ್ತಿತ್ತು? ಲೆಕ್ಕ ಹಾಕಿರಿ.
5. ಒಂದು ಉಪಕರಣದಿಂದ ಆಗುವ ಹಾನಿಗೆ ಅದನ್ನು ಕಂಡುಹಿಡಿದವನು ಹೊಣೆಯೋ, ಬಳಸಿದವನು ಹೊಣೆಯೋ? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿರಿ.